ಒಂದೇ ಪದದ ಪಾತ್ರ

ಚೆನ್ನೈ, ಶನಿವಾರ

ದಾವಣಗೆರೆಯ ನಡುಮನೆಯಲ್ಲಿ ನೆರೆದಿರುವ ಸಮಸ್ತ ಸಭಿಕರೇ! ಕಲಾವತಿ ಅಕ್ಕ, ಇದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದು.

ನಮ್ಮ ಸೈಕಲ್ ತಂಡ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡಂತೆ ಸಾಗುತ್ತದೆ. ಮುಂದಿನವನು ಗಾಳಿ ತಡೆಯುತ್ತಾನೆ, ಹಿಂದಿನವರಿಗೆ ಹಗುರ. ಆದರೆ ಅವರಿಗೆ ರಸ್ತೆ ಕಾಣದು. ಮುಂದಿನವನ ಕೂಗೇ ಕಣ್ಣು.

ಹೋದ ವಾರ ಮೊದಲ ಸಲ ನನ್ನನ್ನು ಮುಂದೆ ಬಿಟ್ಟರು. ಗುಂಡಿ ಕಂಡಿತು. ನಾಟಕದ ರಕ್ತ ಸುಮ್ಮನಿರುತ್ತದೆಯೇ? "ಎಲೈ ಗೆಳೆಯರಿರಾ, ಅದೋ, ಬಾಯ್ದೆರೆದು ನಿಂತಿದೆ..." ಎನ್ನುವಷ್ಟರಲ್ಲಿ ನನ್ನ ಬೆನ್ನ ಹಿಂದಿದ್ದ ಅರವಿಂದ್ ಗುಂಡಿಯೊಳಗಿದ್ದ! ಮೊಣಕೈ ತರಚಿತು.

"ಅಂಕಲ್, ನಿಮ್ಮ ಡೈಲಾಗ್ ಮುಗಿಯೋಷ್ಟರಲ್ಲಿ ನಾನೇ ಮುಗಿದುಹೋಗ್ತಿದ್ದೆ!" ಅಂದ. ತಂಡದ ನಾಯಕಿ ಶಾಲಿನಿ ನನ್ನನ್ನು ಸಾಲಿನ ಕೊನೆಗೆ ಹಾಕಿದಳು.

ಇವತ್ತು ಮುಂದಿನವರು ಗುಂಡಿ ತಪ್ಪಿಸಲು ಬಲಕ್ಕೆ ಹೊರಳುವುದರಲ್ಲಿದ್ದರು. ಆಗ ನನ್ನ ಹಿಂದೆ ಬಸ್ಸೊಂದು ನುಗ್ಗಿ ಬಂತು.

"ಬಸ್!"

ಒಂದೇ ಪದ, ಅಕ್ಕ! ರಂಗದ ಮೇಲೆ ಮೈಕಿಲ್ಲದೆ ಪಳಗಿದ ಗಂಟಲಿನ ಕೂಗು ಎದುರುಗಾಳಿಯನ್ನು ಸೀಳಿ ಮೊದಲ ಸೈಕಲ್ಲಿಗೆ ಮುಟ್ಟಿತು. ಇಡೀ ಸಾಲು ಬ್ರೇಕ್ ಹಿಡಿದು ಎಡಕ್ಕೇ ಉಳಿಯಿತು. ಬಸ್ಸು ಹಾದುಹೋಯಿತು.

"ನಾಳೆ ಮುಂದೆ ನೀವೇ ಅಂಕಲ್," ಅಂದಳು ಶಾಲಿನಿ. "ಆದ್ರೆ ಕೂಗು ಇಷ್ಟೇ ಉದ್ದ!"

ಹೆಲ್ಮೆಟ್ ಹಾಕುತ್ತೇನೆಂದು ಅಮ್ಮನಿಗೆ ಹೇಳು. ಅರವಿಂದನ ಮೊಣಕೈಯ ಸುದ್ದಿ ಓದುವಾಗ ಮಾತ್ರ ದನಿ ತಗ್ಗಿಸು.

ನಾಳೆ ಬೆಳಗ್ಗೆ ಇಲ್ಲಿನ ತಿರುವಾನ್ಮಿಯೂರು ಬಡಾವಣೆಯಿಂದ ಎಲ್ಲರಿಗಿಂತ ಮುಂದೆ ಹೊರಟು, ಗುಂಡಿ ಕಂಡಲ್ಲೆಲ್ಲ "ಗುಂಡಿ!" ಎಂದಷ್ಟೇ ಗರ್ಜಿಸುತ್ತೇನೆ.

ನಿನ್ನ ತಮ್ಮ,
ಮುರಳೀಧರ