ಬಿಚ್ಚಿ ತಂದ ತೊಟ್ಟಿಲು

ಬೇತಮಂಗಲ

ಮಗಳೇ ಇಂದ್ರಾಣಿ,

ನಿಮ್ಮಪ್ಪ ಪೆರುಮಾಳ್ ಅವರ ಮಂಡಿನೋವು ಹೇಗಿದೆ? ಬೀಗತಿ ಅಶ್ವತ್ಥಮ್ಮ ಚೆನ್ನಾಗಿದ್ದಾರಾ? ನೀನು ತವರಿಗೆ ಹೋದ ಮೇಲೆ ಇಲ್ಲಿ ನಿನ್ನ ಗಂಡ ಅಂಬರೀಶ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ಮಾತು ಮಾತ್ರ ಕಡಿಮೆ. ಫೋನಿನಲ್ಲಿ ನೀನು ಎಲ್ಲಕ್ಕೂ "ಸರಿ ಅತ್ತೆ" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೂರನೇ ಸಲದ ಚಿಕಿತ್ಸೆಯಲ್ಲೂ ಗರ್ಭ ನಿಲ್ಲಲಿಲ್ಲವೆಂದು ತಿಳಿದ ಮೇಲೆ ಒಂದು ಕೆಲಸ ಮಾಡಿದೆ. ನಿನಗೆ ಮಗುವಾಗಲೆಂದು ಹರಕೆ ಹೊತ್ತು ಗಂಗಮ್ಮನ ಗುಡಿಯ ಬೇವಿನ ಮರಕ್ಕೆ ಕಟ್ಟಿದ್ದ ಬಟ್ಟೆಯ ತೊಟ್ಟಿಲನ್ನು ಬಿಚ್ಚಿಕೊಂಡು ಬಂದೆ.

ಪೂಜಾರಿ, "ಕಟ್ಟೋರ್ನ ನೋಡಿವ್ನಿ, ಬಿಚ್ಚೋರ್ನ ನೋಡಿಲ್ಲ ಕಣಮ್ಮೋ! ತಾಯಿ ಮುನಿಸ್ಕೊಂಡ್ರೆ?" ಅಂದ.

"ನನ್ ಮೇಲೆ ಮುನಿಸ್ಕೊಳ್ಲಿ ಬುಡು. ಅರಕೆ ಒತ್ತೋಳು ನಾನು, ಸೂಜಿ ಚುಚ್ಚಿಸ್ಕೊಂಡೋಳು ನನ್ ಸೊಸೆ" ಅಂದೆ.

ಇನ್ನೊಂದು ಸಲ ಆಸ್ಪತ್ರೆಗೆ ಹೋಗುವುದೋ, ಇಷ್ಟಕ್ಕೇ ಬಿಡುವುದೋ, ನೀನೇ ಹೇಳಬೇಕು. ಅತ್ತೆಯ ಹರಕೆ ಇದೆಯಲ್ಲಾ ಎಂದು ಒಪ್ಪಿಕೊಳ್ಳಬೇಡ. ಅಂಬರೀಶನಿಗೂ ಇದನ್ನೇ ಹೇಳಿದೆ, ಹೂಂ ಎಂದು ತಲೆಯಾಡಿಸಿದ.

ಫ್ರಿಜ್ಜಿನ ಬಾಗಿಲಲ್ಲಿ ನಿನ್ನ ಇಂಜೆಕ್ಷನ್ ಇಡುತ್ತಿದ್ದ ಜಾಗ ಖಾಲಿಯಾಗಿಯೇ ಇದೆ. ಅಲ್ಲಿ ಹಸಿಮೆಣಸಿನಕಾಯಿ ಇಡಲೋ, ಹಾಗೇ ಬಿಡಲೋ? ಬೇಗ ಬರೆದು ತಿಳಿಸು. "ಸರಿ ಅತ್ತೆ" ಅಂತ ಮಾತ್ರ ಬರೆಯಬೇಡ.

ನಿನ್ನ ಅತ್ತೆ,
ಮುನಿಶಾಮಮ್ಮ