ಬಚ್ಚಲುಮನೆಯ ಚಿಲಕ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಸತ್ಯವನ್ನೇ ಹೇಳುತ್ತೇನೆ, ಸತ್ಯವಲ್ಲದೆ ಬೇರೇನನ್ನೂ ಹೇಳುವುದಿಲ್ಲ: ನಮ್ಮ ಮನೆಯ ಬಚ್ಚಲುಮನೆಯ ಚಿಲಕ ಕದ್ದವನು ನಾನೇ. ಹಾಡುಹಗಲಲ್ಲಿ, ಸ್ಕ್ರೂಡ್ರೈವರ್ ಸಮೇತ. ಮಾಲು ನನ್ನ ಮೇಜಿನ ಖಾನೆಯಲ್ಲಿದೆ.

ಕಾರಣ ಅಮ್ಮ. ಬಿತ್ತನೆ ಅರ್ಧಕ್ಕೆ ಬಿಟ್ಟು ಅಪ್ಪ ಹೊಲದ ಪಂಪ್‌ಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರಲ್ಲ, ಜೀವಂತವಾಗಿ ಹೊರಗೆ ಬರಲಿಲ್ಲವಲ್ಲ, ಅಂದಿನಿಂದ ಅವಳಿಗೆ ಚಿಲಕದ ಸದ್ದೇ ಆಗದು. ನನ್ನದು ಬಿಡು. ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುವವನು, ಗಟ್ಟಿ ಆಳು. ಆ ಬಾಗಿಲನ್ನು ಭುಜ ಕೊಟ್ಟು ಮುರಿದವನೂ ನಾನೇ ತಾನೆ?

ಈಗ ಮನೆಯಲ್ಲೊಂದು ಕಾನೂನು ಜಾರಿಯಲ್ಲಿದೆ. ಸ್ನಾನಕ್ಕೆ ಹೋದವರು ಹೊರಗೆ ಬರುವವರೆಗೂ ದನಿ ಮಾಡುತ್ತಿರಬೇಕು. ನನ್ನವಳು ಮಗ್ಗಿ ಹೇಳುತ್ತಾಳೆ, ಹತ್ತೊಂಬತ್ತರ ಮಗ್ಗಿಯಲ್ಲಿ ಜಾರಿ ಬೀಳುತ್ತಾಳೆ. ಅಮ್ಮ ಮೈಗೆ ಸೋಪು, ಅಕ್ಕಪಕ್ಕದವರಿಗೆ ಬೈಗುಳ, ಎರಡನ್ನೂ ಒಟ್ಟಿಗೇ ಹಚ್ಚುತ್ತಾಳೆ.

ಮೊನ್ನೆ ಬಂದ ನನ್ನ ಮಾವನವರಿಗೆ ಈ ಕಾನೂನು ತಿಳಿದಿರಲಿಲ್ಲ. ಒಳಗೆ ಮಾತಿಲ್ಲ, ಆಮೇಲೆ ನೀರಿನ ಸದ್ದೂ ನಿಂತಿತು. ಬಾಗಿಲು ಧಡಾರನೆ ತೆರೆದುಕೊಂಡಿತು. ಪಾಪ, ಕಣ್ಣಿಗೆಲ್ಲ ಸೋಪು ಮೆತ್ತಿಕೊಂಡು ಯಾರು ಯಾರು ಅಂತ ತಡಕಾಡಿದರು. ಊಟಕ್ಕೂ ನಿಲ್ಲದೆ ಹೊರಟರು; ನನ್ನವಳು ಇನ್ನೂ ಮುಖ ಊದಿಸಿಕೊಂಡಿದ್ದಾಳೆ.

ಇದನ್ನು ಹೀಗೇ ಬಿಟ್ಟರೆ ಆಗದು ಅಂತ ನಿನ್ನೆ ಅಮ್ಮನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವಳೋ ಕರೆದದ್ದೇ ತಡ ಸೀರೆ ಬದಲಿಸಿ ಬಂದಳು.

ಮುಂದಿನ ವಾರ ಬರುತ್ತೀಯಲ್ಲ, ಸ್ನಾನಕ್ಕೆ ಹೋದಾಗ ಹಾಡು. ನಿನ್ನ ಕಂಠದ ವಿಷಯ ನನಗೆ ಗೊತ್ತು. ಸಹಿಸಿಕೊಳ್ಳುತ್ತೇವೆ.

ನಿನ್ನ ಗಟ್ಟಿಗ ತಮ್ಮ

ತಾ.ಕ.: ಎಂದಿನಿಂದ ಹೀಗೆ ಅಂತ ಡಾಕ್ಟರು ಅಮ್ಮನನ್ನು ಕೇಳಿದರು. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. "ನಂಗಲ್ಲ ಡಾಕ್ಟ್ರೇ, ಇವನಿಗೆ. ಅಳು ಬಂದ್ರೆ ನಾನು ಅತ್ಬಿಡ್ತೀನಿ. ಇವನು ಅಳೋದೇ ಇಲ್ಲ. ಒಳಗೆ ಒಂಚೂರು ಸದ್ದು ನಿಂತ್ರೆ ಬಾಗಿಲ ಹತ್ರ ನಡುಗ್ತಾ ನಿಂತ್ಕೋತಾನೆ. ಅದಕ್ಕೇ ಬಾಯಿಗೆ ಬಂದಿದ್ದು ಬೈತಾ ಸ್ನಾನ ಮಾಡ್ತೀನಿ" ಅಂದಳು.

ಮಾವನವರು ಒಳಗಿದ್ದಾಗ ಬಚ್ಚಲ ಬಾಗಿಲು ತಳ್ಳಿದ್ದು ಅಮ್ಮನಲ್ಲ ಅಕ್ಕಾ. ಮಾತ್ರೆಯೂ ನನಗೇ. ನೀನು ಬಂದಾಗ ಸ್ವಲ್ಪ ಜೋರಾಗಿಯೇ ಹಾಡು, ಹೊರಗೆ ನಾನು ನಿಂತಿರುತ್ತೇನೆ.