ದಾರಿ ತುಳಿಯುವ ಸರದಿ

ಎಡ್ಮಂಟನ್, ಜನವರಿ ೨೬

ಪ್ರೀತಿಯ ದೊಡ್ಡಮ್ಮ,

ಮೊದಲು ಒಳ್ಳೆಯ ಸುದ್ದಿ. ಕಾಲೇಜಿನ ಸ್ಕೀ ಟೀಮಿಗೆ ಸೆಲೆಕ್ಟ್ ಆಗಿದ್ದೇನೆ. ಪ್ಲೀಸ್, ರೇಡಿಯೋದಲ್ಲಿ ಹೇಳಿಸಬೇಡ. ನಮ್ಮ ಓಲ್ಡ್ ಕ್ರೋ ಊರಿಗೆಲ್ಲ ಗೊತ್ತಾದರೆ ನನಗೆ ಟೆನ್ಷನ್.

ನೀನು ಕಳಿಸಿದ ಕ್ಯಾರಿಬೂ ಜಿಂಕೆಯ ಒಣ ಮಾಂಸವನ್ನು ರೂಮ್‌ಮೇಟ್ ಟೆಸ್‌ಗೂ ಕೊಟ್ಟೆ. "ಶೂ ಅಗಿದಂಗಿದೆ ಕಣೇ" ಎನ್ನುತ್ತಲೇ ಅರ್ಧ ಚೀಲ ಖಾಲಿ ಮಾಡಿದಳು. ಅವಳೂ ಸ್ಕೀ ಮಾಡುತ್ತಾಳೆ.

ಒಂದೇ ಸಲಕ್ಕೇನೂ ಆಯ್ಕೆಯಾಗಲಿಲ್ಲ. ಮೊದಲ ಓಟದ ದಿನ ಹೊಸ ಹಿಮ ಬಿದ್ದು ಜಾಡೇ ಮುಚ್ಚಿಹೋಗಿತ್ತು. ಅಭ್ಯಾಸಬಲ, ನಾನೇ ಮುಂದೆ ಹೋಗಿ ಹಿಮದಲ್ಲಿ ದಾರಿ ತುಳಿದೆ; ಸುಸ್ತೆಲ್ಲ ಮುಂದಿರುವವಳಿಗೇ, ಹಿಂದಿನವರಿಗೆ ಸಲೀಸು. ಬಲೆ ನೋಡಲು ಹೋಗುವಾಗ ನೀನು ಹೇಳುತ್ತಿದ್ದೆಯಲ್ಲ, "ಮುಂದಿರೋಳು ಪಕ್ಕಕ್ಕೆ ಸರಿದ್ರೆ ಸಾಕು, ಹಿಂದಿರೋಳು ಮುಂದೆ ಬರ್ಬೇಕು. ಕೂಗಿ ಕರೆಯೋಕೆ ಅವ್ಳೇನು ನಾಯೀನಾ?" ನಾನು ಸರಿದೆ. ಯಾರೂ ಬರಲಿಲ್ಲ. ನಿಧಾನಿಸಿದರೆ ಅವರೂ ನಿಧಾನಿಸಿದರು. ಕೊನೆಯ ಏರಿನಲ್ಲಿ ನನ್ನ ಕಾಲು ಸೋತಾಗ ಎಲ್ಲರೂ ದಾಟಿಹೋದರು. ನಾನೇ ಲಾಸ್ಟ್.

"ಓಡೋಕೆ ಬಂದ್ಯಾ, ರೋಡ್ ಹಾಕೋಕೆ ಬಂದ್ಯಾ?" ಎಂದರು ಕೋಚ್. ಹುಡುಗಿಯರು ಕಿಸಕ್ಕೆಂದರು. ಟೆಸ್ ಮಾತ್ರ ರೂಮಿಗೆ ಬಂದ ಮೇಲೆ ಕೇಳಿದಳು, "ಯಾಕೆ ಹಂಗೆ ಸರೀತಿದ್ದೆ?" ನಮ್ಮ ಪದ್ಧತಿ ಹೇಳಿದೆ. "ಅಯ್ಯೋ, ಮುಂಚೆನೇ ಹೇಳ್ಬಾರ್ದಾ ಪೆದ್ದಿ! ಇನ್ಮೇಲೆ ನಾವಿಬ್ರು ಹಂಗೇ ಓಡೋಣ" ಎಂದಳು. ಅವತ್ತು ನಿನ್ನ ನೆನಪಾಗಿ ಅತ್ತುಬಿಟ್ಟೆ.

ಆಮೇಲಿನ ಓಟಗಳಲ್ಲಿ ಹಾಗೇ ಸರದಿಯಂತೆ ಓಡಿ ಟೆಸ್, ನಾನು ಸಮಸಮ ಬಂದೆವು. ಟೀಮಿನಲ್ಲಿ ಒಂದೇ ಜಾಗ ಉಳಿದಿತ್ತು. ಅದಕ್ಕಾಗಿ ನಿನ್ನೆ ನಮ್ಮಿಬ್ಬರನ್ನೇ ಮತ್ತೆ ಓಡಿಸಿದರು. ಹಿಮ ಬೀಳುತ್ತಿತ್ತು, ನನ್ನ ಉಸಿರು ಚೆನ್ನಾಗಿತ್ತು, ಗೆದ್ದೆ. ಅಷ್ಟೇ. ಬರೆಯುವಂಥದ್ದೇನೂ ಇಲ್ಲ.

ವೈಟ್‌ಹಾರ್ಸ್ ಪಟ್ಟಣದಲ್ಲಿ ನಡೆಯುವ ನಮ್ಮ ಟೀಮಿನ ಓಟ ನೋಡಲು ನೀನು ಬರುವುದು ಬೇಡ ದೊಡ್ಡಮ್ಮ. ವಿಮಾನದಲ್ಲಿ ನಿನಗೆ ತಲೆ ಸುತ್ತುತ್ತದೆ. ಮಣಿ ಹೊಲಿದ ಕೈಗವಸನ್ನೂ ಈಗಲೇ ಕಳಿಸಬೇಡ. ಇಲ್ಲಿ ಎಲ್ಲರೂ ಟೀಮಿನದೇ ಹಾಕಿಕೊಳ್ಳುತ್ತಾರೆ. ಎಕ್ಸಾಮಿಗೆ ಓದುತ್ತಿದ್ದೇನೆ, ಅಂದರೆ ಪುಸ್ತಕ ತೆರೆದಿಟ್ಟು ಕೂತಿರುತ್ತೇನೆ.

ನೀನು ನಡೆಯಲು ಕಲಿಸಿದ
ಲೋರೀನ್

ತಾ.ಕ.: ನಿನ್ನೆ ಟೆಸ್ ಮುಂದಿದ್ದಳು. ಅರ್ಧ ದಾರಿಯಲ್ಲಿ ನಾನು ಹೇಳಿಕೊಟ್ಟ ಹಾಗೆಯೇ ಪಕ್ಕಕ್ಕೆ ಸರಿದಳು. ಕೂಗಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಸರಿದಳು. ನಾನು ಅವಳ ಹಿಂದೆಯೇ ಉಳಿದು, ಕೊನೆಯ ಏರಿನಲ್ಲಿ ದಾಟಿದೆ. ಸಂಜೆ ಅವಳೇ ಟೀ ಮಾಡಿಕೊಟ್ಟು, "ನಿನ್ನ ಕನ್ನಡಕಕ್ಕೆ ಮಂಜು ಹಿಡಿದು ನಾನು ಸರಿದಿದ್ದು ಕಾಣ್ಲಿಲ್ಲ, ಅಲ್ವಾ?" ಎಂದು ಕೇಳಿದಳು. ಹೂಂ ಅಂದೆ.